ಉಸಿರಿನ ಗಂಟೆ ಬಾರಿಸುವುದು ಯಾವಾಗ?

ಬೇಸಿಗೆ ರಜೆ ಬಂದರೆ ಸಾಕು, ನೀರು ಕಂಡಲ್ಲೆಲ್ಲ ನಮ್ಮ ಮಕ್ಕಳ ಸೈನ್ಯ ಸೇರುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಹೊಲದ ಬಾವಿಯಿರಲಿ, ಮಡಕಶಿರಾ ಸುತ್ತಲಿನ ತೋಟದ ಬಾವಿಯಿರಲಿ, ತಾಳವಾಡಿಯ ಕೆರೆಯಿರಲಿ, ಕಾಸರಗೋಡಿನ ಮದಕವಿರಲಿ, ಆಟ ಮಾತ್ರ ಒಂದೇ. "ಯಾರು ಜಾಸ್ತಿ ಹೊತ್ತು ಒಳಗೆ ಇರ್ತಾರೋ ನೋಡೋಣ!" ದಡದ ಮೇಲೆ ಕೂತವನು ಒಂದು, ಎರಡು, ಮೂರು ಅಂತ ಎಣಿಸುತ್ತಾನೆ. ಹೆಚ್ಚು ಎಣಿಸಿಕೊಂಡವನು ಆ ದಿನದ ರಾಜ.

ಈ ಆಟದಲ್ಲಿ ಪಳಗಿದ ಅಣ್ಣಂದಿರು ಚಿಕ್ಕವರಿಗೆ ಒಂದು ಉಪಾಯ ಹೇಳಿಕೊಡುತ್ತಾರೆ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರು ಎಳೆದು ಬಿಡು, ಎದೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಆಮೇಲೆ ಬಹಳ ಹೊತ್ತು ಉಸಿರು ಬೇಕು ಅನಿಸುವುದೇ ಇಲ್ಲ ಅಂತ. ಆ ಮಾತಿನ ಕೊನೆಯ ಭಾಗ ನಿಜ. ಉಸಿರು ಬೇಕು ಅನಿಸುವುದಿಲ್ಲ. ಆದರೆ ಗಾಳಿ ತುಂಬಿಕೊಳ್ಳುತ್ತದೆ ಅನ್ನುವುದು ಸುಳ್ಳು. ಈ ಸುಳ್ಳಿಗೂ ಆ ನಿಜಕ್ಕೂ ನಡುವೆ ಏನಿದೆ ಅನ್ನುವುದೇ ಈ ಸಲದ ನಮ್ಮ ವಿಷಯ. ಚೆನ್ನಾಗಿ ಈಜು ಬರುವವರೇ ನೀರಿನಲ್ಲಿ ಸದ್ದಿಲ್ಲದೆ ಸಾಯುವುದು ಏಕೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಮೊದಲು ಲೆಕ್ಕ ನೋಡೋಣ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಇಂಗಾಲದ ಡೈಆಕ್ಸೈಡ್ 0.04 ಭಾಗ ಮಾತ್ರ. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 16 ಭಾಗಕ್ಕೆ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ಸುಮಾರು 4 ಭಾಗಕ್ಕೆ ಏರಿರುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಅಜ್ಜಿಯ ಎಲೆಅಡಿಕೆ ಸಂಚಿಯಿಂದ ಚಿಟಿಕೆ ಸುಣ್ಣ ತೆಗೆದು ನೀರಿಗೆ ಹಾಕಿ ಕಲಕಿ, ತಿಳಿಯಾಗಲು ಬಿಡಿ. ಮೇಲಿನ ತಿಳಿನೀರನ್ನು ಲೋಟಕ್ಕೆ ಬಗ್ಗಿಸಿ, ಕೊಳವೆಯಿಂದ ನಿಧಾನವಾಗಿ ಊದಿ. ನೀರು ಹಾಲಿನಂತೆ ಬಿಳಿಯಾಗುತ್ತದೆ. ಊದಬೇಕು ಅಷ್ಟೇ, ಎಳೆಯಬಾರದು. ಸುಣ್ಣದ ನೀರು ಬಾಯಿ ಸುಡುತ್ತದೆ.

ದೊಡ್ಡವರೊಬ್ಬರು ಸುಮ್ಮನೆ ಕೂತಿದ್ದರೂ ಅವರ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರು ಆಮ್ಲಜನಕ ಖರ್ಚು ಮಾಡುತ್ತದೆ. ಶ್ವಾಸಕೋಶ, ರಕ್ತ, ಸ್ನಾಯು ಎಲ್ಲ ಸೇರಿ ಒಳಗಿರುವ ದಾಸ್ತಾನು ಒಂದೂವರೆ ಲೀಟರಿನ ಆಸುಪಾಸು. ಅದನ್ನೂ ಪೂರ್ತಿ ಬಳಸಲು ಆಗುವುದಿಲ್ಲ. ಊಟ ಇಲ್ಲದೆ ಮನುಷ್ಯ ವಾರಗಟ್ಟಲೆ ಇದ್ದಾನು, ಯಾಕೆಂದರೆ ಕೊಬ್ಬಿನ ರೂಪದಲ್ಲಿ ದಾಸ್ತಾನು ಇದೆ. ನೀರಿಲ್ಲದೆ ಕೆಲವು ದಿನ. ಆಮ್ಲಜನಕದ ವಿಷಯಕ್ಕೆ ಬಂದರೆ ನಾವೆಲ್ಲರೂ ಅಂದಂದು ದುಡಿದು ಅಂದಂದು ತಿನ್ನುವವರೇ.

ಈ ಖರ್ಚಿನಲ್ಲಿ ದೊಡ್ಡ ಪಾಲುದಾರ ಯಾರು ಗೊತ್ತಾ? ಮೆದುಳು. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಭಾಗ; ಆಮ್ಲಜನಕದ ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತು. ಅದರ ಬಳಿ ಕೂಡಿಟ್ಟದ್ದು ಏನೂ ಇಲ್ಲ. ಮೆದುಳಿಗೆ ರಕ್ತ ಹೋಗುವುದು ನಿಂತರೆ ಹತ್ತು ಸೆಕೆಂಡಿನ ಒಳಗೆ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷವಾದರೆ ಜೀವಕೋಶಗಳು ಸಾಯತೊಡಗುತ್ತವೆ. ಚರ್ಮ ಗೀರಿದರೆ ಹೊಸದು ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಸತ್ತ ಮೆದುಳಿನ ಭಾಗ ಹಾಗೆ ಮತ್ತೆ ಬೆಳೆಯುವುದಿಲ್ಲ. ಬದುಕಿ ಉಳಿದರೂ ಮಾತು, ನೆನಪು, ಕೈಕಾಲಿನ ಹಿಡಿತ ಹೋಗಿರಬಹುದು.

ಅಕ್ಕಿಯೋ, ಬೂದಿಯೋ?

ಇಷ್ಟು ಅವಸರದ ಸಾಮಾನು ಮುಗಿಯುತ್ತಾ ಬಂದರೆ ದೇಹ ಗಂಟೆ ಬಾರಿಸಬೇಕು ತಾನೇ? ಬಾರಿಸುತ್ತದೆ. ಉಸಿರು ಬಿಗಿಹಿಡಿದಾಗ ಎದೆ ಬಿರಿಯುವಂತೆ ಆಗುತ್ತದಲ್ಲ, ಗಂಟಲು ತಾನಾಗಿ ನುಂಗಿದಂತೆ ಮಾಡುತ್ತದಲ್ಲ, ಅದೇ ಗಂಟೆ. ಅದು ಆಮ್ಲಜನಕ ಕಡಿಮೆಯಾದದ್ದಕ್ಕೆ ಬಾರಿಸುವ ಗಂಟೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅಲ್ಲ. ಅದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ ಬಾರಿಸುವ ಗಂಟೆ.

ಒಬ್ಬ ಯಜಮಾನಿ ಇದ್ದಾಳೆ ಅಂದುಕೊಳ್ಳಿ. ಅಕ್ಕಿಯ ಡಬ್ಬಿ ತೆರೆದು ನೋಡುವ ಅಭ್ಯಾಸ ಅವಳಿಗಿಲ್ಲ. ಒಲೆಯಲ್ಲಿ ಬೂದಿ ಎಷ್ಟು ಬಿದ್ದಿದೆ ನೋಡುತ್ತಾಳೆ. ಬೂದಿ ಜಾಸ್ತಿ ಕಂಡರೆ "ಬಹಳ ಅಡಿಗೆ ಆಯ್ತು, ಅಕ್ಕಿ ತರಿಸಬೇಕು" ಅನ್ನುತ್ತಾಳೆ. ದಿನನಿತ್ಯದ ಮಟ್ಟಿಗೆ ಈ ಅಂದಾಜು ತಪ್ಪುವುದಿಲ್ಲ, ಯಾಕೆಂದರೆ ಅಕ್ಕಿ ಖರ್ಚಾದಂತೆಲ್ಲ ಬೂದಿ ಬೀಳುತ್ತಲೇ ಇರುತ್ತದೆ. ನಮ್ಮ ಮೆದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರ ಇಂಥದೇ ಯಜಮಾನಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಅಲ್ಲಿನ ದ್ರವ ತುಸು ಆಮ್ಲೀಯವಾಗುತ್ತದೆ. ಆ ಸಣ್ಣ ಬದಲಾವಣೆಯನ್ನು ಹಿಡಿದು ಕೇಂದ್ರ "ಉಸಿರಾಡು" ಅಂತ ಆಜ್ಞೆ ಕೊಡುತ್ತದೆ. ಮೈದಾನ ಸುತ್ತಿ ಓಡಿ ಬಂದಾಗ ಏದುಸಿರು ಬರುವುದರಲ್ಲಿಯೂ ಈ ಬೂದಿಯ ಕೈವಾಡವಿದೆ.

ಇದನ್ನು ಕರಾರುವಾಕ್ಕಾಗಿ ತೋರಿಸಿದವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ, 1905ರಲ್ಲಿ. ಹಾಲ್ಡೇನ್ ವಿಚಿತ್ರ ಮನುಷ್ಯ. ಗಣಿ, ಚರಂಡಿಗಳ ಕೆಟ್ಟ ಗಾಳಿಯನ್ನು ಸ್ವತಃ ಕುಡಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ದೊಡ್ಡ ವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಾಗಾದರೆ ಅಕ್ಕಿಯ ಡಬ್ಬಿ ನೋಡುವವರು ಯಾರೂ ಇಲ್ಲವೇ? ಇದ್ದಾರೆ. ಕತ್ತಿನ ಎರಡೂ ಬದಿ ಮೆದುಳಿಗೆ ಹೋಗುವ ಅಪಧಮನಿಗಳು ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಅಂಗಾಂಶ ಒಂದೊಂದು ಇದೆ. ರಕ್ತದ ಆಮ್ಲಜನಕವನ್ನು ಅದು ಗಮನಿಸುತ್ತದೆ. ಈ ಕೆಲಸ ಕಂಡುಹಿಡಿದದ್ದಕ್ಕೆ ಬೆಲ್ಜಿಯಂ ದೇಶದ ಕಾರ್ನೇಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಆದರೆ ಈ ಕಾವಲುಗಾರ ಸ್ವಲ್ಪ ನಿದ್ದೆಗೇಡಿ. ಆಮ್ಲಜನಕ ಬಹಳ ಇಳಿದ ಮೇಲೆಯೇ ಗಟ್ಟಿಯಾಗಿ ಕೂಗುತ್ತಾನೆ. ಆ ಹೊತ್ತಿಗೆ ಕೇಳಿಸಿಕೊಳ್ಳಬೇಕಾದ ಮೆದುಳೇ ಮಂಕಾಗಿರುತ್ತದೆ.

ಬಾವಿಯ ಉಪಾಯದಲ್ಲಿ ಆಗುವುದು ಇದೇ

ಈಗ ಅಣ್ಣನ ಉಪಾಯಕ್ಕೆ ವಾಪಸ್ಸು ಬರೋಣ. ಸುಮ್ಮನೆ ಉಸಿರಾಡುತ್ತಿರುವಾಗಲೇ ನಮ್ಮ ರಕ್ತದ ಹಿಮೋಗ್ಲೋಬಿನ್ ನೂರಕ್ಕೆ 97-98 ಭಾಗ ಆಮ್ಲಜನಕದಿಂದ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿದರೇನು? ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಬಳಿದುಕೊಂಡು ಹೊರಗೆ ಹೋಗುತ್ತದೆ. ಅಂದರೆ ಅಕ್ಕಿ ಅಷ್ಟೇ ಇದೆ, ಒಲೆಯ ಬೂದಿಯನ್ನು ಮಾತ್ರ ಗುಡಿಸಿ ಚೆಲ್ಲಿದ್ದೀರಿ. ಯಜಮಾನಿ ಒಲೆ ನೋಡುತ್ತಾಳೆ, ಸ್ವಚ್ಛ. "ಇನ್ನೂ ಬೇಕಾದಷ್ಟಿದೆ" ಅಂತ ಸುಮ್ಮನಿರುತ್ತಾಳೆ. ಬೂದಿ ಮತ್ತೆ ಸೇರಿ ಗಂಟೆ ಬಾರಿಸುವ ಮೊದಲೇ ಡಬ್ಬಿ ಖಾಲಿ. ನೀರಿನೊಳಗಿರುವ ಹುಡುಗನಿಗೆ ಎದೆ ಬಿಗಿಯುವುದಿಲ್ಲ, ಹೆದರಿಕೆಯೂ ಆಗುವುದಿಲ್ಲ. ದೀಪ ಆರಿದಂತೆ ಪ್ರಜ್ಞೆ ಹೋಗುತ್ತದೆ. ಪ್ರಜ್ಞೆ ಹೋದ ಮೇಲೆ ದೇಹ ತಾನಾಗಿ ಉಸಿರು ಎಳೆಯುತ್ತದೆ, ಎಳೆಯುವುದು ನೀರನ್ನು. ದಡದಲ್ಲಿ ಕೂತವನು ಇನ್ನೂ ಎಣಿಸುತ್ತಲೇ ಇರುತ್ತಾನೆ. ಕೈಕಾಲು ಬಡಿತ ಇಲ್ಲ, ಕೂಗು ಇಲ್ಲ. "ಇವತ್ತು ಭಾರೀ ಹೊತ್ತು ಇದ್ದಾನಪ್ಪ" ಅಂದುಕೊಳ್ಳುತ್ತಾನೆ.

1961ರಲ್ಲಿ ಅಮೆರಿಕದ ಆಲ್ಬರ್ಟ್ ಕ್ರೇಗ್ ಎಂಬ ವೈದ್ಯ ವಿಜ್ಞಾನಿ ಹೀಗೆ ನೀರೊಳಗೆ ಪ್ರಜ್ಞೆ ತಪ್ಪಿ, ಯಾರೋ ಎಳೆದು ಹಾಕಿದ್ದರಿಂದ ಬದುಕಿದ ಈಜುಗಾರರ ಅನುಭವಗಳನ್ನು ಕಲೆಹಾಕಿ ಪ್ರಕಟಿಸಿದರು. ಮುಳುಗುವ ಮುನ್ನ ಜೋರಾಗಿ ಉಸಿರಾಡಿದ್ದು ಅವರಿಗೆ ನೆನಪಿತ್ತು. ಪ್ರಜ್ಞೆ ತಪ್ಪುವ ಮುನ್ನ ಎಚ್ಚರಿಕೆ ಅನ್ನುವಂಥದ್ದು ಹೆಚ್ಚೇನೂ ಸಿಕ್ಕಿರಲಿಲ್ಲ.

ಬಾವಿ ಆಳವಿದ್ದರೆ ಇನ್ನೊಂದು ಮೋಸ ಸೇರಿಕೊಳ್ಳುತ್ತದೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ ಅಂತ ಭೌತವಿಜ್ಞಾನದಲ್ಲಿ ಓದಿದ್ದೀರಿ. 6 ಮೀಟರು ಆಳದಲ್ಲಿ ಒತ್ತಡ 1.6 ಪಟ್ಟು. ಆ ಒತ್ತಡ ಶ್ವಾಸಕೋಶದಲ್ಲಿ ಉಳಿದಿರುವ ಸ್ವಲ್ಪ ಆಮ್ಲಜನಕವನ್ನು ರಕ್ತಕ್ಕೆ ದೂಡುತ್ತಿರುತ್ತದೆ. ತಳದಲ್ಲಿ ಎಲ್ಲ ಸರಿಯಿದ್ದಂತೆ ಅನಿಸುತ್ತದೆ. ಮೇಲೆ ಬರತೊಡಗಿದರೆ ಒತ್ತಡ ಇಳಿದು, ಅದೇ ಆಮ್ಲಜನಕದ ದೂಡುವ ಬಲ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ. ಇನ್ನೇನು ತಲೆ ನೀರಿನಿಂದ ಹೊರಬರಬೇಕು, ಅಷ್ಟರಲ್ಲಿ ಪ್ರಜ್ಞೆ ಹೋಗುತ್ತದೆ. ನೀರಿನ ಮೇಲ್ಮೈಗೆ ಒಂದು ಮೊಳ ಇರುವಾಗ ಮುಳುಗಿದವರ ಕಥೆ ಕೇಳಿ ಊರಿನವರು ಬಾವಿಯಲ್ಲಿ ಏನೋ ಇದೆ, ಕಾಲು ಹಿಡಿದು ಎಳೆಯಿತು ಅನ್ನುತ್ತಾರೆ. ಎಳೆದದ್ದು ಏನು ಅಂತ ನಿಮಗೀಗ ಗೊತ್ತಾಯಿತು. ಟಿವಿಯಲ್ಲಿ ನಿಮಿಷಗಟ್ಟಲೆ ಮುಳುಗಿರುವ ಪರಿಣತರನ್ನು ನೋಡಿ ಮರುಳಾಗಬೇಡಿ. ಅವರ ಪಕ್ಕದಲ್ಲಿ ಎತ್ತಿಕೊಳ್ಳಲು ತರಬೇತಾದ ಜೊತೆಗಾರರು ಸದಾ ಇರುತ್ತಾರೆ. ಅಷ್ಟಾದರೂ ಅವರಲ್ಲೂ ಸತ್ತವರಿದ್ದಾರೆ.

ಬಲೂನಿನಲ್ಲಿ ಮೂವರು

ನೀರೇ ಇಲ್ಲದ ಕಡೆಯೂ ಈ ಗಂಟೆ ಮೌನವಾಗಿರಬಲ್ಲದು. 1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ 'ಜೆನಿತ್' ಎಂಬ ಬಲೂನು ಮೂವರನ್ನು ಹೊತ್ತು ಮೇಲೇರಿತು: ಗ್ಯಾಸ್ಟನ್ ಟಿಸ್ಸಾಂಡಿಯೇ, ಕ್ರೋಸೆ-ಸ್ಪಿನೆಲ್ಲಿ, ಸಿವೆಲ್. ಮೇಲೆ ಗಾಳಿ ತೆಳು ಅಂತ ಅವರಿಗೆ ಗೊತ್ತಿತ್ತು. ಆಮ್ಲಜನಕ ತುಂಬಿದ ಚೀಲಗಳನ್ನೂ ಕಟ್ಟಿಕೊಂಡು ಹೋಗಿದ್ದರು. ಬಲೂನು ಸುಮಾರು 8,600 ಮೀಟರು ಮುಟ್ಟಿತು. ಎವರೆಸ್ಟಿಗೆ ಸ್ವಲ್ಪ ಕಡಿಮೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಭಾಗ. ಕೈಗೆಟುಕುವಷ್ಟು ಹತ್ತಿರದಲ್ಲೇ ಆಮ್ಲಜನಕದ ನಳಿಗೆ ಇದ್ದರೂ ಎತ್ತಿಕೊಳ್ಳಲು ಕೈ ಏಳಲಿಲ್ಲ. ಮೂವರೂ ಪ್ರಜ್ಞೆ ತಪ್ಪಿದರು. ಬಲೂನು ತಾನಾಗಿ ಇಳಿಯುವಾಗ ಎಚ್ಚರಗೊಂಡವರು ಟಿಸ್ಸಾಂಡಿಯೇ ಒಬ್ಬರೇ. ಉಳಿದಿಬ್ಬರು ಸತ್ತಿದ್ದರು. ಬದುಕಿದವರಿಗೂ ಕಿವಿ ಕೇಳದಂತಾಯಿತು.

ಟಿಸ್ಸಾಂಡಿಯೇ ಆಮೇಲೆ ಬರೆದದ್ದರಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಆ ಎತ್ತರದಲ್ಲಿ ಅವರಿಗೆ ನೋವಾಗಲಿಲ್ಲ, ಉಸಿರು ಕಟ್ಟಿದಂತಾಗಲಿಲ್ಲ. ಮನಸ್ಸಿಗೆ ಒಂಥರಾ ಹಿತವಾಗಿತ್ತು, ಅಪಾಯದ ಯೋಚನೆಯೇ ಬರಲಿಲ್ಲ. ಯಾಕೆ ಅಂತ ನೀವೇ ಹೇಳಬಲ್ಲಿರಿ. ಅವರು ಉಸಿರಾಡುತ್ತಲೇ ಇದ್ದರು, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇತ್ತು. ಒಲೆಯಲ್ಲಿ ಬೂದಿ ಇಲ್ಲ, ಗಂಟೆಯೂ ಇಲ್ಲ. ಜೊತೆಗೆ, ಆಮ್ಲಜನಕ ಕಡಿಮೆಯಾದಾಗ ಮೆದುಳಿನಲ್ಲಿ ಮೊದಲು ಹಾಳಾಗುವುದು ವಿವೇಚನೆ. ಕುಡಿದವನು "ನನಗೇನೂ ಆಗಿಲ್ಲ" ಅನ್ನುತ್ತಾನಲ್ಲ, ಹಾಗೆ. ಆ ಹಿತ ಅನ್ನುವುದು ಸುಖವಲ್ಲ, ಮೆದುಳು ಮುಚ್ಚಿಕೊಳ್ಳುತ್ತಿರುವ ಲಕ್ಷಣ. (ನೀಲಗಿರಿಯ ಮಕ್ಕಳು ಗಾಬರಿಯಾಗಬೇಕಿಲ್ಲ. ಊಟಿ ಇರುವುದು ಸುಮಾರು 2,240 ಮೀಟರು ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚೇ ಇದೆ. ನಿಮ್ಮ ದೇಹ ಅದಕ್ಕೆ ಹೊಂದಿಕೊಂಡಿದೆ.)

ಹಗೇವು ಮತ್ತು ಸುರಂಗ

ನಮ್ಮ ಹಿರಿಯರಿಗೆ ಕೆಟ್ಟ ಗಾಳಿಯ ವಿಷಯ ಗೊತ್ತಿತ್ತು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆ ಜೋಳ ಕಾಯ್ದಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಪೇವ ಅನ್ನುತ್ತಾರೆ. ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳುಗಳೂ ಸಾಯುತ್ತವೆ, ಜೋಳ ಕೆಡದೆ ಉಳಿಯುತ್ತದೆ. ಜಾಣತನದ ವ್ಯವಸ್ಥೆ. ಆದರೆ ಹುಳ ಸಾಯುವ ಗಾಳಿಯಲ್ಲಿ ಮನುಷ್ಯನೂ ಸಾಯುತ್ತಾನೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಗುಂಡಿಯಿಂದ ತಾನಾಗಿ ಮೇಲೆದ್ದು ಹೋಗುವುದಿಲ್ಲ. ಬಾಯಿ ತೆಗೆದು ಒಂದು ದಿನವಾದರೂ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಒಳಗಿಳಿಯುತ್ತಿದ್ದದ್ದು ಇದಕ್ಕೇ.

ಇಲ್ಲೊಂದು ವ್ಯತ್ಯಾಸ ಇದೆ ನೋಡಿ. ಬಲೂನಿನಲ್ಲಿ ಗಂಟೆ ಬಾರಿಸಲಿಲ್ಲ. ಹಗೇವಿನಲ್ಲಿ ಬಾರಿಸುತ್ತದೆ, ಯಾಕೆಂದರೆ ಬೂದಿ ಹೊರಗಿನಿಂದಲೇ ಒಳಗೆ ನುಗ್ಗುತ್ತಿದೆ. ಏದುಸಿರು ಬರುತ್ತದೆ, ತಲೆ ಸಿಡಿಯುತ್ತದೆ. ಆದರೆ ಏಣಿ ಹತ್ತುವಷ್ಟು ಸಮಯ ಸಿಗುವುದಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಹತ್ತು ಭಾಗ ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಇನ್ನೂ ಹೆಚ್ಚಿದ್ದರೆ ಅಷ್ಟು ಹೊತ್ತೂ ಇಲ್ಲ. ಬಿದ್ದವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಪಕ್ಕದ ಮನೆಯವನು ಇಳಿಯುತ್ತಾನೆ. ಹಾಳುಬಾವಿ, ಶೌಚದ ಗುಂಡಿಗಳಲ್ಲಿ ಒಂದೇ ದಿನ ಎರಡು ಮೂರು ಹೆಣ ಬೀಳುವುದು ಹೀಗೆ. ಧೈರ್ಯವಂತರೇ ಸಾಯುತ್ತಾರೆ ಅನ್ನುವುದು ದುಃಖದ ಸಂಗತಿ.

ಕಾಸರಗೋಡಿನ ಮಕ್ಕಳಿಗೆ ಸುರಂಗ ಗೊತ್ತೇ ಇದೆ. ಕುಡಿಯುವ ನೀರಿಗಾಗಿ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಕಿರಿದಾದ ದಾರಿ. ತೋಡುವವರು ಮೋಂಬತ್ತಿ ಹಚ್ಚಿಟ್ಟುಕೊಂಡು ಒಳಗೆ ಹೋಗುತ್ತಾರೆ. ಬೆಳಕಿಗಾಗಿ ಮಾತ್ರ ಅಲ್ಲ. ಆಮ್ಲಜನಕ ಸುಮಾರು 16 ಭಾಗಕ್ಕೆ ಇಳಿದರೆ ಬತ್ತಿ ಆರುತ್ತದೆ; ಮನುಷ್ಯ ಆ ಮಟ್ಟದಲ್ಲಿ ಇನ್ನೂ ನಡೆದು ಹೊರಗೆ ಬರಬಲ್ಲ. ಅವನ ಒಳಗಿನ ಗಂಟೆ ನೋಡದ ಅಕ್ಕಿಯ ಡಬ್ಬಿಯನ್ನು ಬತ್ತಿ ನೋಡುತ್ತದೆ. ಈ ಉಪಾಯವನ್ನು ಎಲ್ಲ ಕಡೆ ನಂಬುವಂತಿಲ್ಲ ಅನ್ನುವುದೂ ನೆನಪಿರಲಿ: ಚರಂಡಿ, ಗೊಬ್ಬರದ ಗುಂಡಿಗಳಲ್ಲಿ ಹೊತ್ತಿಕೊಳ್ಳುವ ಅನಿಲ ಇರಬಹುದು, ಬತ್ತಿ ಆರಿಸದೆಯೇ ಕೊಲ್ಲುವ ವಿಷಾನಿಲವೂ ಇರಬಹುದು.

ಮೋಂಬತ್ತಿಯ ಮಾತು ಬಂದದ್ದಕ್ಕೆ ಒಂದು ದೂರು ಹೇಳಿಬಿಡುತ್ತೇನೆ. ತಟ್ಟೆಯ ನೀರಿನಲ್ಲಿ ಮೋಂಬತ್ತಿ ನಿಲ್ಲಿಸಿ ಲೋಟ ಮುಚ್ಚಿದರೆ ನೀರು ಐದನೇ ಒಂದು ಭಾಗ ಏರುತ್ತದೆ, ಆದ್ದರಿಂದ ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ ಅಂತ ಈಗಲೂ ಕಲಿಸುವವರಿದ್ದಾರೆ. ಬತ್ತಿ ಆರಿದಾಗ ಲೋಟದಲ್ಲಿ ಬಹುಪಾಲು ಆಮ್ಲಜನಕ ಹಾಗೇ ಉಳಿದಿರುತ್ತದೆ. ನೀರು ಏರುವುದು ಮುಖ್ಯವಾಗಿ ಬಿಸಿಯಾಗಿದ್ದ ಗಾಳಿ ತಣಿದು ಕುಗ್ಗುವುದರಿಂದ. ಒಂದು ಬತ್ತಿ, ಎರಡು ಬತ್ತಿ, ಮೂರು ಬತ್ತಿ ಇಟ್ಟು ಮಾಡಿ ನೋಡಿ. ಬತ್ತಿ ಹೆಚ್ಚಿದಂತೆ ನೀರೂ ಹೆಚ್ಚು ಏರುತ್ತದೆ. ಆಮ್ಲಜನಕ ಮಾತ್ರ ಮೂರು ಪಟ್ಟಾಗಿರುವುದಿಲ್ಲ.

ಕತ್ತಿಗೆ ಕೈ ಹಾಕುವ ಆಟ

ಇನ್ನೊಂದು ವಿಷಯ ಇದೆ. ದೊಡ್ಡವರು ಇದರ ಬಗ್ಗೆ ಮಕ್ಕಳ ಮುಂದೆ ಮಾತಾಡಲು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಿಂಜರಿಯಬಾರದು. ಕೆಲವು ಕಡೆ ಮಕ್ಕಳು ತಲೆ ತಿರುಗಿಸಿಕೊಳ್ಳಲೆಂದು ಕತ್ತು ಒತ್ತುವ, ಉಸಿರು ಕಟ್ಟಿಸುವ ಆಟ ಆಡುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿಯುವವರೂ ಇದ್ದಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1995ರಿಂದ 2007ರವರೆಗಿನ ಪತ್ರಿಕಾ ವರದಿಗಳನ್ನು ಜಾಲಾಡಿ, ಇಂಥ ಆಟದಿಂದಲೇ ಸತ್ತರೆನ್ನಬಹುದಾದ 6ರಿಂದ 19 ವರ್ಷದ 82 ಮಕ್ಕಳ ಲೆಕ್ಕ ಕೊಟ್ಟಿತು. ಬಹಳಷ್ಟು ಮಂದಿ ಹುಡುಗರು, ಸರಾಸರಿ ವಯಸ್ಸು 13. ನಿಮ್ಮದೇ ವಯಸ್ಸು. ಹೆಚ್ಚಿನವರು ಸತ್ತದ್ದು ಒಬ್ಬರೇ ಇದ್ದಾಗ. ಹೆತ್ತವರಿಗೆ ಇಂಥದೊಂದು ಆಟ ಇದೆ ಅನ್ನುವುದೇ ಗೊತ್ತಿರಲಿಲ್ಲ. ದೊಡ್ಡವರಲ್ಲೂ ಕೆಲವರು ಇಂಥ ಕೆಲಸಕ್ಕೆ ಕೈಹಾಕಿ ಪ್ರಾಣ ಕಳೆದುಕೊಂಡಿದ್ದಾರೆ. "ನಾವು ಹುಷಾರಾಗಿ ಮಾಡ್ತೀವಿ" ಅಂದವರೇ ಅವರೆಲ್ಲ.

ಇಲ್ಲಿ ಹುಷಾರು ಅನ್ನುವುದಕ್ಕೆ ಜಾಗವೇ ಇಲ್ಲ ಯಾಕೆ ಅಂದರೆ, ಕತ್ತಿನಲ್ಲಿ ಇರುವುದು ಬರೀ ಉಸಿರಿನ ಕೊಳವೆ ಅಲ್ಲ. ಮೆದುಳಿಗೆ ರಕ್ತ ಒಯ್ಯುವ, ಅಲ್ಲಿಂದ ವಾಪಸ್ಸು ತರುವ ದೊಡ್ಡ ರಕ್ತನಾಳಗಳು ಅಲ್ಲೇ ಹಾದುಹೋಗುತ್ತವೆ, ಚರ್ಮಕ್ಕೆ ಬಹಳ ಹತ್ತಿರದಲ್ಲಿ. ಕಣಜದಲ್ಲಿ ಅಕ್ಕಿ ತುಂಬಿದೆ, ಬಂಡಿಯ ದಾರಿ ಮಾತ್ರ ಮುಚ್ಚಿದೆ ಅಂದುಕೊಳ್ಳಿ. ಎದೆ ಆರಾಮಾಗಿ ಉಸಿರಾಡುತ್ತಿರುವಾಗಲೇ ಮೆದುಳು ಹಸಿಯುತ್ತದೆ. ಬೂದಿಯ ಲೆಕ್ಕ ಇಲ್ಲಿ ಕೆಲಸಕ್ಕೇ ಬರುವುದಿಲ್ಲ. "ಸಾಕು" ಅನ್ನಬೇಕಾದವನು "ಸಾಕು" ಅನ್ನುವ ಮೊದಲೇ ಪ್ರಜ್ಞೆ ಕಳೆದುಕೊಂಡಿರುತ್ತಾನೆ. ಒತ್ತುತ್ತಿರುವವನಿಗೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕತ್ತಿನಲ್ಲೇ ರಕ್ತದೊತ್ತಡ ಅಳೆಯುವ ನರಗಳೂ ಇವೆ. ಅವು ಕೆಣಕಿದರೆ ಹೃದಯದ ಬಡಿತ ಇದ್ದಕ್ಕಿದ್ದಂತೆ ನಿಧಾನವಾಗಬಹುದು. ಕೆಲವೊಮ್ಮೆ ನಿಲ್ಲಲೂಬಹುದು. ಕುಸ್ತಿಯ ನಿಯಮದಲ್ಲೂ ಎದುರಾಳಿಯ ಕತ್ತು ಹಿಸುಕುವುದು ನಿಷಿದ್ಧ. ಅಖಾಡದಲ್ಲಿ ಬೆಳೆದ ಪೈಲ್ವಾನರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ.

ಒಂದು ಸಲ ಪಾರಾದವರಿಗೂ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ. ರಕ್ತನಾಳದ ಒಳಪದರ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಗಂಟೆಗಳೋ ದಿನಗಳೋ ಕಳೆದ ಮೇಲೆ ಮೆದುಳಿಗೆ ಹೋಗಿ ಲಕ್ವಾ ಹೊಡೆಯಬಹುದು. ಗಂಟಲಿನ ಒಳಗೆ ಊತ ನಿಧಾನವಾಗಿ ಏರಿ ಉಸಿರಿನ ದಾರಿ ಮುಚ್ಚಬಹುದು. ಹೊರಗೆ ಚರ್ಮದ ಮೇಲೆ ಒಂದು ಗೆರೆಯೂ ಇಲ್ಲದಿರಬಹುದು. ಆದ್ದರಿಂದ ತಮಾಷೆಗೋ ಜಗಳದಲ್ಲೋ ಯಾರದಾದರೂ ಕತ್ತು ಒತ್ತಿದ ಮೇಲೆ ಧ್ವನಿ ಒಡೆದರೆ, ನುಂಗಲು ಕಷ್ಟವಾದರೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಕಂಡರೆ, ತಲೆನೋವು ಬಿಡದಿದ್ದರೆ, ಮಾತು ತೊದಲಿದರೆ, ಇಲ್ಲವೇ ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏನಾಯಿತು ಅಂತ ವೈದ್ಯರಿಗೆ ನಿಜ ಹೇಳಬೇಕು. ಗೆಳೆಯ ಇಂಥ ಆಟ ಆಡುತ್ತಿದ್ದಾನೆ ಅಂತ ಗೊತ್ತಾದರೆ ಮನೆಯ ಹಿರಿಯರಿಗೋ ಟೀಚರಿಗೋ ತಿಳಿಸಿ, ಅದು ಚಾಡಿಯಲ್ಲ. ಯಾರಾದರೂ ನಿಮ್ಮನ್ನು ಬಲವಂತ ಮಾಡುತ್ತಿದ್ದರೆ, ಮನಸ್ಸಿನ ದುಃಖಕ್ಕೆ ಇಂಥದ್ದರ ಕಡೆ ಯೋಚನೆ ಹೋಗುತ್ತಿದ್ದರೆ, ನಂಬುವ ದೊಡ್ಡವರೊಬ್ಬರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ರಾಜ್ಯದಿಂದಲೂ ದುಡ್ಡಿಲ್ಲದೆ ಕರೆ ಮಾಡಬಹುದು.

ಕಣ್ಣ ಮುಂದೆ ಒಬ್ಬರು ಬಿದ್ದರೆ

ನೀರಿನಲ್ಲಿ ಯಾರೋ ಮುಳುಗುತ್ತಿದ್ದರೆ ನೀವು ಹಾರಬೇಡಿ. ಹಗ್ಗ, ಪಂಚೆ, ಸೀರೆ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ಯಾವುದು ಸಿಕ್ಕುತ್ತೋ ಅದನ್ನು ಎಸೆಯಿರಿ, ಕೂಗಿ ದೊಡ್ಡವರನ್ನು ಕರೆಯಿರಿ. ಗುಂಡಿಯಲ್ಲೋ ಹಾಳುಬಾವಿಯಲ್ಲೋ ಬಿದ್ದಿದ್ದರೆ ಎಷ್ಟೇ ಹತ್ತಿರದವರಾದರೂ ಇಳಿಯಬಾರದು.

ಹೊರಗೆ ತಂದ ಮೇಲೆ ನೀರು ಕಕ್ಕಿಸಲೆಂದು ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ನಮ್ಮ ಕಡೆ ಈಗಲೂ ಇದೆ. ಅದರಿಂದ ಉಪಯೋಗವಿಲ್ಲ, ಅಮೂಲ್ಯವಾದ ನಿಮಿಷಗಳು ಹಾಳು. ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಹೆಸರು ಹಿಡಿದು ಕೂಗಿ, ಭುಜ ತಟ್ಟಿ. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು ಫೋನು ಮಾಡುತ್ತಿರುವಾಗಲೇ ಇನ್ನೊಬ್ಬರು ಕೆಲಸ ಶುರುಮಾಡಬೇಕು. ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಎದೆ ಏರುವಷ್ಟು ಗಾಳಿ ಊದಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಅದೇ. ಆಮೇಲೆ ಎದೆಯ ನಡುವೆ ಅಂಗೈ ಬುಡವಿಟ್ಟು ಗಟ್ಟಿಯಾಗಿ ಒತ್ತಬೇಕು, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರು ಇಳಿಯುವಷ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. 30 ಸಲ ಒತ್ತು, 2 ಸಲ ಊದು, ಆಂಬುಲೆನ್ಸ್ ಬರುವ ತನಕ. ಓದಿ ಕಲಿಯುವ ವಿದ್ಯೆ ಅಲ್ಲ ಇದು. ನಿಮ್ಮ ಶಾಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಒಮ್ಮೆ ಗೊಂಬೆಯ ಮೇಲೆ ಮಾಡಿಸಿಕೊಳ್ಳಿ ಅಂತ ವಿಜ್ಞಾನ ಟೀಚರ ಬೆನ್ನು ಹತ್ತಿ.

ತುರ್ತು ಕರೆಗೆ 112, ಆಂಬುಲೆನ್ಸಿಗೆ 108. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ, ಕರ್ನಾಟಕ ಎಲ್ಲ ಕಡೆ ಇವೇ ಸಂಖ್ಯೆಗಳು. ಗಡಿಯಲ್ಲಿರುವ ನಮಗೆ ಒಂದು ತೊಡಕಿದೆ: ಮೊಬೈಲು ಪಕ್ಕದ ರಾಜ್ಯದ ಟವರ್ ಹಿಡಿದಿದ್ದರೆ ಕರೆ ಅಲ್ಲಿಗೆ ಹೋಗಿಬಿಡಬಹುದು. ಆದ್ದರಿಂದ ಬರೀ ಊರ ಹೆಸರು ಹೇಳಿದರೆ ಸಾಲದು. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಹತ್ತಿರದ ಗುಡಿಯೋ ಶಾಲೆಯೋ ಯಾವುದು, ಈ ಐದನ್ನೂ ಹೇಳಿ. ಆಚೆಯವರಿಗೆ ಕನ್ನಡ ಬಾರದಿದ್ದರೆ ಹೇಳಲು ಬೇಕಾಗುವ ನಾಲ್ಕು ಮಾತು, ಅಂದರೆ ನೀರಿನಲ್ಲಿ ಮುಳುಗಿದ್ದಾರೆ, ಉಸಿರಾಡುತ್ತಿಲ್ಲ, ಇಷ್ಟು ವಯಸ್ಸು, ಇಂಥ ಊರು, ಇವನ್ನು ನಿಮ್ಮ ರಾಜ್ಯದ ಭಾಷೆಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದು ತರಗತಿಯ ಗೋಡೆಗೆ ಅಂಟಿಸಿ. ಮಲಯಾಳಂ, ತಮಿಳು, ಮರಾಠಿ, ತೆಲುಗು, ಕೊಂಕಣಿ ಚೆನ್ನಾಗಿ ಬಲ್ಲವರು ನಿಮ್ಮ ತರಗತಿಯಲ್ಲೇ ಇದ್ದಾರೆ, ಬರೆಯುವ ಕೆಲಸ ಅವರಿಗೇ ಬಿಡಿ.